ದರಕಿಗೆ ಹೊರಟ ಮೊಮ್ಮಗನಿಗೆ

ಮಗಾ, ನಾಳೆ ದರಕು ಗುಡಿಸಲಿಕ್ಕೆ ಬೆಟ್ಟಕ್ಕೆ ಹೋಗುತ್ತೇನೆ ಅಂದೆಯಲ್ಲ, ಕೇಳಿ ಸಂತೋಷವಾಯಿತು. ಹೋಗುವ ಮೊದಲು ಈ ಅಜ್ಜಿಯ ನಾಲ್ಕು ಮಾತು ಕೇಳು.

ಎಲೆ ಉದುರಿ ದರಕಾಗುವ ಕಾಲವೇ ಉಣುಗಿನ ಮರಿಗಳಿಗೂ ಸುಗ್ಗಿ. ಡಿಸೆಂಬರಿನಿಂದ ಮೇ ತನಕ ಅವುಗಳ ಕಾಟ. ದನದ ಕಿವಿಯಲ್ಲಿ ಉಬ್ಬಿ ಕೂರುವ ಉಣುಗನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಬೇಡ. ನಮಗೆ ರೋಗ ತರುವ ಮರಿ ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಆ ರೋಗದ ಕತೆ ಕೇಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳ ಜನ ಜ್ವರದಲ್ಲಿ ಮಲಗಿದರು. ಪುಣೆಯ ವಿಜ್ಞಾನಿಗಳು ಅದೊಂದು ಹೊಸ ವೈರಾಣು ಎಂದು ಕಂಡುಹಿಡಿದರು. ನಾವು ಮಂಗನ ಕಾಯಿಲೆ ಅಂದೆವು. ಪಾಪ, ಮಂಗ ಅದನ್ನು ಹುಟ್ಟಿಸಿದ್ದಲ್ಲ, ನಮಗಿಂತ ಮೊದಲು ಸಾಯುವುದು ಅದೇ. ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಸುತ್ತಲ ತರಗೆಲೆಯಲ್ಲಿ ಹರಡುತ್ತವೆ. ಹಾಗಾಗಿ ಮಂಗವೋ ಮುಸಿಯವೋ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡ, ಆಶಾ ಕಾರ್ಯಕರ್ತೆಗೆ ತಿಳಿಸು. ಆ ಕಡೆಯ ದರಕು ಈ ವರ್ಷ ನಮಗೆ ಬೇಡ.

2019ರಲ್ಲಿ ನಮ್ಮ ಸಾಗರ ಸೀಮೆಯ ಅರಳಗೋಡಿನಲ್ಲಿ ಇದೇ ಕಾಯಿಲೆ ಹಲವರ ಜೀವ ತೆಗೆಯಿತು. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಪ್ರಯೋಜನ ಸಾಲದೆಂದು ನಿಲ್ಲಿಸಿದ್ದಾರೆ. ಈ ಕಾಯಿಲೆಗೇ ಅಂತ ಬೇರೆ ಔಷಧವೂ ಇಲ್ಲ. ಆದ್ದರಿಂದ ಕಚ್ಚಿಸಿಕೊಳ್ಳದೆ ಇರುವುದೇ ನಮ್ಮ ಕೈಲಿರುವುದು.

ತುಂಬುತೋಳಿನ ಅಂಗಿ ಹಾಕು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸು. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚು. ಕಣ್ಣು ಬಾಯಿಗೆ ತಾಗಿಸಬೇಡ. ದರಕಿನ ಮೇಲೆ ಕೂತು ಬುತ್ತಿ ಬಿಚ್ಚಬೇಡ. ಮನೆಗೆ ಬಂದವನು ಜಗಲಿಯಲ್ಲಿ ಕೂರದೆ ನೇರ ಬಚ್ಚಲಿಗೆ ಹೋಗು. ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯು. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ, ಮಂಡಿಯ ಹಿಂದೆ ಬೆರಳಾಡಿಸಿ ನೋಡು. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆ. ಸೀಮೆಎಣ್ಣೆ ಬಿಡುವುದು, ಬೆಂಕಿ ತಾಗಿಸುವುದು, ಉಗುರಿನಲ್ಲಿ ಹಿಸುಕುವುದು ಯಾವುದೂ ಬೇಡ.

ಒಂದು ಮಾತನ್ನಂತೂ ಮರೆಯಬೇಡ. ನಮ್ಮ ತೋಟಕ್ಕೆ ಬರುತ್ತಿದ್ದ ಒಬ್ಬಳಿಗೆ ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಜ್ವರ ಬಂತು. ತಲೆ ಸಿಡಿಯುವ ನೋವು, ಸೊಂಟ ಕಾಲು ಎತ್ತಲಾಗದಷ್ಟು ಸೆಳೆತ. ನಾಲ್ಕು ದಿನ ಮಾತ್ರೆ ನುಂಗಿ ಕೆಲಸಕ್ಕೆ ಬಂದಳು. ಕೂಲಿ ತಪ್ಪುತ್ತದೆಂಬ ಹೆದರಿಕೆ ಅವಳಿಗೆ. ಡಾಕ್ಟರಿಗೂ ಕಾಡಿಗೆ ಹೋಗಿದ್ದನ್ನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಸಡಿನಲ್ಲಿ ರಕ್ತ ಕಂಡ ಮೇಲೆ ನಾವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಬದುಕಿಕೊಂಡಳು. ಆದರೆ ಮೊದಲ ದಿನವೇ ನಾನು ಕೇಳಲಿಲ್ಲವಲ್ಲ ಎಂಬ ನೋವು ನನಗೆ ಈಗಲೂ ಇದೆ.

ಅದಕ್ಕೇ, ಬೆಟ್ಟಕ್ಕೆ ಹೋಗಿಬಂದ ಎರಡು ವಾರದೊಳಗೆ ಮೈ ಬಿಸಿಯಾದರೆ ಮುಚ್ಚಿಡಬೇಡ. ಡಾಕ್ಟರಿಗೆ ಮೊದಲು ಕಾಡಿಗೆ ಹೋಗಿದ್ದೆ ಅನ್ನು, ಜ್ವರದ ಮಾತು ಆಮೇಲೆ. ನೋವಿನ ಮಾತ್ರೆಗಳನ್ನು ನೀನೇ ತಂದು ನುಂಗಬೇಡ, ಕೆಲವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ತಿರುಗಿ ಬರುತ್ತದೆ, ಕೈ ನಡುಗುತ್ತದೆ, ಮಂಕು ಕವಿಯುತ್ತದೆ. ಆಗ ಒಂದು ದಿನವೂ ಕಾಯಬಾರದು. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಆರೈಕೆಗೆ ನಾನಿದ್ದೇನೆ.

ಎಣ್ಣೆಯ ಬಾಟಲಿ ಜಗಲಿಯ ಗೂಡಿನಲ್ಲಿದೆ. ನೀನು ಬರುವಷ್ಟರಲ್ಲಿ ಬಚ್ಚಲೊಲೆಗೆ ಬೆಂಕಿ ಹಾಕಿರುತ್ತೇನೆ.