ಯಂತ್ರಬುದ್ಧಿಯ ಮುಂದಿನ ದಾರಿ

ಆದಿಚುಂಚನಗಿರಿಯ ಬೆಟ್ಟದಲ್ಲಿ ನವಿಲುಗಳು ಹೇರಳ. ಆ ಕಡೆಯ ಮಗು ಒಂದೆರಡು ಸಲ ನವಿಲನ್ನು ಕಂಡರೆ ಸಾಕು; ಮರುಸಲ ಪೊದೆಯ ಮರೆಯಲ್ಲಿ ಬರಿಯ ಕತ್ತು ಕಂಡರೂ "ನವಿಲು!" ಎಂದು ಕೂಗುತ್ತದೆ. ಯಂತ್ರಕ್ಕಾದರೋ ಮೊದಲಿನಿಂದ ಇದನ್ನು ಕಲಿಸಲು ಸಾವಿರಾರು ಚಿತ್ರಗಳನ್ನು ತೋರಿಸಬೇಕು. ಯಂತ್ರಬುದ್ಧಿಯ ಸಂಶೋಧನೆ ಇನ್ನು ಯಾವ ದಿಕ್ಕಿಗೆ ಸಾಗಬೇಕೆಂಬ ಪ್ರಶ್ನೆಗೆ ಉತ್ತರ ಈ ಅಂತರದಲ್ಲಿಯೇ ಇದೆಯೆಂದು ನನ್ನ ಭಾವನೆ.

ಯಂತ್ರವು ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಆಲನ್ ಟ್ಯೂರಿಂಗ್ ಎಂಬ ಆಂಗ್ಲ ಗಣಿತಜ್ಞರು 1950ರಲ್ಲಿ ಎತ್ತಿದರು. 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕಲೆತ ವಿದ್ವಾಂಸರಿಂದ ಕೃತಕ ಬುದ್ಧಿಮತ್ತೆಯೆಂಬ ಹೆಸರು ನೆಲೆಗೊಂಡಿತು. ಅಂದು ಪಂಡಿತರು ನಿಯಮಗಳನ್ನು ಬರೆದು ಯಂತ್ರಕ್ಕೆ ಒಪ್ಪಿಸುತ್ತಿದ್ದರು. ಇಂದು ಅದು ಅಪಾರ ಬರಹವನ್ನೂ ಧ್ವನಿಯನ್ನೂ ಉಂಡು, ಒಂದು ಪದದ ಮುಂದೆ ಯಾವುದು ಬಂದೀತೆಂದು ಲೆಕ್ಕಹಾಕಲು ತಾನೇ ಕಲಿಯುತ್ತದೆ. ಆದುದರಿಂದ ಸಾಮಗ್ರಿ ಹೆಚ್ಚಿರುವ ಭಾಷೆಯಲ್ಲಿ ಜಾಣ, ಇಲ್ಲದೆಡೆ ಮಂಕು.

ನನ್ನ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕಳೆದ ಬೇಸಗೆಯಲ್ಲಿ ಮನೆಯ ಹಸು ಮೇವು ಬಿಟ್ಟಾಗ, ಮೊಬೈಲನ್ನು ಅವಳ ಮುಂದೆ ಹಿಡಿದು ಕೇಳೆಂದೆ. "ನಮ್ಮ ಅಸ ಮೇವು ಮುಟ್ತಿಲ್ಲ ಕಣಪ್ಪ" ಎಂದಳು. ಯಂತ್ರವು "ಅಸ"ವನ್ನು "ಅಸಲು" ಎಂದು ಬರೆದುಕೊಂಡು ಸಾಲದ ವಿಚಾರ ಹೇಳತೊಡಗಿತು! ನಾನು ನಕ್ಕೆ. ಅವ್ವ ನಗಲಿಲ್ಲ. "ನನ್ ಮಾತು ಸರಿಯಿಲ್ಲ, ನೀನೇ ಕೇಳು" ಎಂದು ಎದ್ದುಹೋದಳು. ನಾನು ಪುಸ್ತಕದ ಕನ್ನಡದಲ್ಲಿ ಕೇಳಿದೊಡನೆ, ಪಶುವೈದ್ಯರಿಗೆ ತೋರಿಸಿರೆಂಬ ಉತ್ತರ ಬಂತು. ಓದಿದ ನನಗೆ ತೆರೆದ ಬಾಗಿಲು, ಹಾಲು ಮಾರಿ ನನ್ನನ್ನು ಓದಿಸಿದವಳಿಗೆ ತೆರೆಯಲಿಲ್ಲ.

2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು ಸುಮಾರು 4 ಕೋಟಿ 37 ಲಕ್ಷ. ಆದರೆ ನಮ್ಮ ಸೀಮೆಯ ಆಡುಮಾತು ಅಚ್ಚಾಗುವುದು ಅಪರೂಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ಸಂಸ್ಥೆಯೊಡನೆ 2022ರಲ್ಲಿ ಕೈಗೊಂಡ 'ವಾಣಿ' ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನೇ ಧ್ವನಿಮುದ್ರಿಸಿದುದು ಸರಿಯಾದ ಹೆಜ್ಜೆ. ಆದರೆ ಸಂಗ್ರಹವೊಂದೇ ಸಾಲದು. ಆ ಮಗುವಿನಂತೆ ಸ್ವಲ್ಪದರಿಂದ ಬಹಳ ಕಲಿಯುವ ವಿಧಾನ ಬೇಕು. ತಿಳಿಯದಾಗ ಊಹಿಸದೆ "ಇನ್ನೊಮ್ಮೆ ಹೇಳಿ" ಎನ್ನುವ ವಿನಯವೂ ಬೇಕು. ಸಂಶೋಧನೆಯ ಮುಂದಿನ ದಾರಿ ಇವೆರಡೇ ಆಗಲಿ.

ಸಹಪಾಠಿಗಳೇ, ಇದು ವಿಜ್ಞಾನದವರ ಕೆಲಸವೆಂದು ಕಲಾ ವಿದ್ಯಾರ್ಥಿಗಳಾದ ನಾವು ಸುಮ್ಮನಿರುವಂತಿಲ್ಲ. ನಮ್ಮ ಮಾತಿನಲ್ಲಿ ಹಕಾರ ಎಲ್ಲಿ ಬಿದ್ದುಹೋಗುವುದೆಂದು ಬಲ್ಲವರು ನಾವು. ಮನೆಯ ಮಾತನ್ನು ನಾಚದೆ ಬರೆದಿಡೋಣ. ಅವ್ವನ "ಅಸ"ವೂ ಕನ್ನಡವೇ.