ಸ್ಟಾರ್ಟರ್ ಹತ್ತಿರ 380 ವೋಲ್ಟ್, ಮೋಟರ್ ಹತ್ತಿರ ಎಷ್ಟು?



ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಬೇಸಿಗೆಯಲ್ಲಿ ಹೊಲಕ್ಕೆ ಹೋದರೆ ನನಗೆ ಒಂದೇ ಮಾತು ಕೇಳಿಸುತ್ತದೆ: "ಕರೆಂಟ್ ಐತ್ರಿ, ಆದ್ರ ವೋಲ್ಟೇಜ್ ಇಲ್ರಿ." ಕಬ್ಬು ಒಣಗುವ ಹೊತ್ತಿನಲ್ಲೇ ಮೋಟರ್ ಸುಡುತ್ತದೆ. ರಿವೈಂಡಿಂಗ್ ಆಗಿ ಬರುವವರೆಗೆ ನೀರಿನ ಪಾಳಿ ತಪ್ಪುತ್ತದೆ. ಎಲ್ಲರೂ ಟಿಸಿ ಕಡೆ ಬೆರಳು ತೋರಿಸುತ್ತಾರೆ. ತಪ್ಪು ಟಿಸಿಯದ್ದೋ, ನಮ್ಮ ಕೇಬಲ್‌ನದ್ದೋ ಅಂತ ಫೋನಿನ ಕ್ಯಾಲ್ಕುಲೇಟರ್‌ನಲ್ಲೇ ತಿಳಿಯಬಹುದು. ಹೆಂಗ ಅಂತ ಈ ವಾರ ನೋಡೋಣ.

ಮೊದಲು ಮೂರು ಮಾತು

ಪೈಪ್‌ಲೈನ್ ನಿಮಗೆ ಗೊತ್ತೇ ಇದೆ. ನೀರಿನ ಒತ್ತಡ ಇದ್ದಂತೆ ವೋಲ್ಟೇಜ್. ಹರಿಯುವ ನೀರಿನ ಪ್ರಮಾಣ ಇದ್ದಂತೆ ಆಂಪಿಯರ್. ಪೈಪ್ ಸಣ್ಣದಿದ್ದರೆ, ಉದ್ದ ಇದ್ದರೆ ನೀರಿಗೆ ಆಗುವ ತಡೆಯೇ ರೋಧ. ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಲೆಕ್ಕ ಇವೆರಡು, ಮೊದಲನೆಯದನ್ನು ಜರ್ಮನಿಯ ಜಾರ್ಜ್ ಓಮ್ 1827 ರಲ್ಲಿ ಪ್ರಕಟಿಸಿದರು:

ರೋಧ = ವೋಲ್ಟೇಜ್ ÷ ಆಂಪಿಯರ್
ಪವರ್ (ವ್ಯಾಟ್) = ವೋಲ್ಟೇಜ್ × ಆಂಪಿಯರ್

ಮನೆಯ ಹಳೇ 100 ವ್ಯಾಟ್ ಹಳದಿ ಬಲ್ಬ್ ತಗೊಳ್ರಿ. 100 ÷ 230 = 0.43 ಆಂಪಿಯರ್. ಉರಿಯುವಾಗ ಅದರ ರೋಧ 230 ÷ 0.43, ಅಂದರೆ ಸುಮಾರು 530 ಓಮ್.

ಮೋಟರ್ ಬಲ್ಬ್ ಅಲ್ಲ

ಓಡುತ್ತಿರುವ ಮೋಟರ್‌ನ ವೋಲ್ಟೇಜನ್ನು ಆಂಪಿಯರ್‌ನಿಂದ ಭಾಗಿಸಿದರೆ ವೈಂಡಿಂಗ್ ರೋಧ ಸಿಗುವುದಿಲ್ಲ. ಮೋಟರ್ ತಿರುಗುವಾಗ ಒಳಗೇ ಎದುರು ವೋಲ್ಟೇಜ್ ಹುಟ್ಟಿ ಆಂಪಿಯರ್ ತಡೆಯುತ್ತದೆ. ಚಾಲೂ ಮಾಡಿದ ಕ್ಷಣ ಅದು ಇರುವುದಿಲ್ಲ, ಅದಕ್ಕೇ ಆಗ ಆಂಪಿಯರ್ ಹಲವು ಪಟ್ಟು ಏರುತ್ತದೆ.

ಇನ್ನೊಂದು ವ್ಯತ್ಯಾಸ: ವೋಲ್ಟೇಜ್ ಇಳಿದರೆ ಬಲ್ಬ್ ಕಡಿಮೆ ಆಂಪಿಯರ್ ಎಳೆಯುತ್ತದೆ. ಲೋಡ್ ಹೊತ್ತ ಮೋಟರ್ ಅದೇ ನೀರು ಎತ್ತಲು ಹೆಚ್ಚು ಎಳೆಯುತ್ತದೆ. ವೈಂಡಿಂಗ್‌ನ ಬಿಸಿ ಆಂಪಿಯರ್‌ನ ವರ್ಗದಷ್ಟು ಏರುತ್ತದೆ. 10 ಆಂಪಿಯರ್ ಇದ್ದದ್ದು 12 ಆದರೆ 12 × 12 = 144, ಅಂದರೆ ಬಿಸಿ ಶೇ. 44 ಹೆಚ್ಚು. ಮೋಟರ್ ಸುಡುವುದು ಹೀಗೆ.

ಕೇಬಲ್ ಲೆಕ್ಕ

ಹೊಳಿ ದಂಡೆಯ ಮೋಟರ್‌ಗೆ ಸ್ಟಾರ್ಟರ್‌ನಿಂದ 300 ಮೀಟರ್ ಕೇಬಲ್ ಇದೆ ಅಂತ ಹಿಡಿಯೋಣ. 5 ಎಚ್‌ಪಿ ತ್ರೀ ಫೇಸ್ ಮೋಟರ್, 10 ಆಂಪಿಯರ್, ಸ್ಟಾರ್ಟರ್ ಹತ್ತಿರ 380 ವೋಲ್ಟ್. ತಾಮ್ರದ ಒಂದು ಎಳೆಯ ರೋಧ:

0.018 × ಉದ್ದ (ಮೀಟರ್) ÷ ದಪ್ಪ (ಚದರ ಮಿ.ಮೀ.)

2.5 ಚದರ ಮಿ.ಮೀ. ಕೇಬಲ್: 0.018 × 300 ÷ 2.5 = 2.16 ಓಮ್.

ತ್ರೀ ಫೇಸ್‌ನಲ್ಲಿ ಕಳೆಯುವ ವೋಲ್ಟೇಜ್ = 1.732 × ಆಂಪಿಯರ್ × ರೋಧ × ಪವರ್ ಫ್ಯಾಕ್ಟರ್. ಪವರ್ ಫ್ಯಾಕ್ಟರ್ 0.85 ಅಂತ ಹಿಡಿದರೆ 1.732 × 10 × 2.16 × 0.85 = ಸುಮಾರು 32 ವೋಲ್ಟ್. ಮೋಟರ್‌ಗೆ ಮುಟ್ಟುವುದು 348. ನೇಮ್ ಪ್ಲೇಟ್ ಮೇಲೆ ಕನಿಷ್ಠ 350 ಅಂತ ಇದ್ದರೆ ನೀವು ಆಗಲೇ ಅದರ ಕೆಳಗೆ ಇಳಿದಿದ್ದೀರಿ!

ಮೋಟರ್ ಎಳೆಯುವ ಪವರ್: 1.732 × 348 × 10 × 0.85 = ಸುಮಾರು 5,120 ವ್ಯಾಟ್.
ಮೂರು ಎಳೆಯಲ್ಲಿ ಬಿಸಿಯಾಗಿ ಹೋಗುವುದು: 3 × 10 × 10 × 2.16 = 648 ವ್ಯಾಟ್.

ಒಂದು ಎಚ್‌ಪಿ ಅಂದರೆ 746 ವ್ಯಾಟ್. ಹತ್ತಿರ ಹತ್ತಿರ ಒಂದು ಎಚ್‌ಪಿ ಕೇಬಲ್ ಬಿಸಿ ಮಾಡಲಿಕ್ಕೇ ಹೋಯಿತು.

ಅದೇ ಜಾಗಕ್ಕೆ 6 ಚದರ ಮಿ.ಮೀ. ಕೇಬಲ್ ಹಾಕಿದರೆ ರೋಧ 0.9 ಓಮ್. ಕಳೆಯುವುದು 13 ವೋಲ್ಟ್, ನಷ್ಟ 270 ವ್ಯಾಟ್, ಮೋಟರ್‌ಗೆ 367 ವೋಲ್ಟ್. 10 ಎಚ್‌ಪಿ ವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತದೆ, ಹಾಗಾಗಿ ಈ ನಷ್ಟ ಬಿಲ್‌ನಲ್ಲಿ ಕಾಣುವುದಿಲ್ಲ. ರಿವೈಂಡಿಂಗ್ ಅಂಗಡಿಯಲ್ಲಿ ಮಾತ್ರ ಕಾಣುತ್ತದೆ.

ಇವಿಷ್ಟು ಮಾಡ್ರಿ

1. ಮೋಟರ್ ಓಡುವಾಗ ಸ್ಟಾರ್ಟರ್ ಪೆಟ್ಟಿಗೆಯ ಮೀಟರ್‌ನಲ್ಲಿ ವೋಲ್ಟೇಜ್, ಆಂಪಿಯರ್ ನೋಡಿ, ಫೋಟೊ ತೆಗೆದಿಡಿ. ಮೋಟರ್ ಬಂದ್ ಇದ್ದಾಗ ಕಾಣುವ ವೋಲ್ಟೇಜ್ ಈ ಲೆಕ್ಕಕ್ಕೆ ಬರುವುದಿಲ್ಲ.
2. ಕ್ಲಾಂಪ್ ಮೀಟರ್ ಇದ್ದರೆ ಒಂದೊಂದೇ ಎಳೆಗೆ ಹಾಕಿ. ಮೂರೂ ಎಳೆ ಸೇರಿಸಿ ಹಾಕಿದರೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಮೂರು ಫೇಸ್‌ನ ಆಂಪಿಯರ್ ಹತ್ತಿರ ಹತ್ತಿರ ಇರಬೇಕು.
3. ಸ್ಟಾರ್ಟರ್ ಹತ್ತಿರವೇ ವೋಲ್ಟೇಜ್ ಕಡಿಮೆ ಇದ್ದರೆ ಹೆಸ್ಕಾಂಗೆ ಫೋಟೊ ಸಮೇತ ದೂರು ಕೊಡಿ. ಅಲ್ಲಿ ಸರಿ ಇದ್ದರೆ ಕೇಬಲ್ ಮತ್ತು ಜಾಯಿಂಟ್ ನೋಡಿಸಿ.
4. ಓವರ್‌ಲೋಡ್ ರಿಲೇ ಪದೇ ಪದೇ ಬಿದ್ದರೆ ಅದನ್ನು ಏರಿಸಿ ಇಡಬ್ಯಾಡ್ರಿ. ನೇಮ್ ಪ್ಲೇಟ್ ಆಂಪಿಯರ್‌ಗೇ ಇರಲಿ. ಅದು ಬೀಳುವುದು ಮೋಟರ್ ಉಳಿಸಲಿಕ್ಕೆ.
5. ವೈಂಡಿಂಗ್ ರೋಧ ಅಳೆಯುವುದು ಮೇನ್ ತೆಗೆದು, ಮೋಟರ್ ವೈರ್ ಬಿಚ್ಚಿದ ಮೇಲೆ ಮಾತ್ರ. ಮೂರು ಜೋಡಿಯ ಓದು ಒಂದೇ ಇರಬೇಕು. ಒಂದು ಬೇರೆ ಬಂದರೆ ವೈಂಡಿಂಗ್ ಅಥವಾ ಜಾಯಿಂಟ್ ಕೆಟ್ಟಿದೆ.

ಒದ್ದೆ ಕೈ, ಬರಿಗಾಲಲ್ಲಿ ಪೆಟ್ಟಿಗೆ ಮುಟ್ಟಬೇಡಿ. ಬಿಚ್ಚುವ ಕೆಲಸ ಇದ್ದರೆ ಗೊತ್ತಿರುವ ಎಲೆಕ್ಟ್ರಿಷಿಯನ್ ಕರೆಯಿರಿ. ಕೇಬಲ್‌ನ ಉದ್ದ, ದಪ್ಪ, ವೋಲ್ಟೇಜ್, ಆಂಪಿಯರ್, ಈ ನಾಲ್ಕು ಅಂಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಕೇಬಲ್ ತರುವಾಗ ಅಂಗಡಿಯವರು ಹೇಳಿದ್ದಕ್ಕೆ ಹೂಂ ಅನ್ನುವ ಮೊದಲು ನೀವೇ ಲೆಕ್ಕ ಹಾಕಬಹುದು.