ಎಳೆಯ ನಕ್ಷತ್ರಗಳ ಸುತ್ತಲಿನ ಮಹಾಗ್ರಹಗಳು

ಶಾಲೆಯಲ್ಲಿ ನಾವೆಲ್ಲರೂ ಸೂರ್ಯನ ಸುತ್ತ ತಿರುಗುವ ಗ್ರಹಗಳ ಹೆಸರುಗಳನ್ನು ಬಾಯಿಪಾಠ ಮಾಡಿದವರೇ. ಆದರೆ ಆಕಾಶದ ಒಂದೊಂದು ನಕ್ಷತ್ರವೂ ಒಂದೊಂದು ಸೂರ್ಯನಾಗಿರಲಾಗಿ, ಅವುಗಳಿಗೂ ಗ್ರಹಗಳ ಪರಿವಾರವುಂಟೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಹಿರಿಯರಾದವರ ಪಾಠಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಸೂರ್ಯನನ್ನು ಹೋಲುವ ಬೇರೊಂದು ನಕ್ಷತ್ರದ ಗ್ರಹವು ಮೊದಲು ಗೊತ್ತಾದದ್ದು 1995ರಲ್ಲಿ. ಇಂದು ಇಂಥ ಗ್ರಹಗಳ ಸಂಖ್ಯೆಯು 6000ವನ್ನು ಮೀರಿದೆ. ಅವುಗಳಲ್ಲಿ ಬಹುತೇಕವನ್ನು ಯಾರೂ ಕಂಡದ್ದಿಲ್ಲ. ನಕ್ಷತ್ರದ ಬೆಳಕು ಕೊಂಚ ಮಂಕಾಗುವದರಿಂದಲೋ, ನಕ್ಷತ್ರವು ಕೊಂಚ ಅಲುಗುವದರಿಂದಲೋ ಅವುಗಳ ಇರುವಿಕೆಯನ್ನು ತರ್ಕಿಸಿದ್ದಾರೆ. ಚಿತ್ರದಲ್ಲಿ ಪ್ರತ್ಯಕ್ಷವಾಗಿ ಕಾಣಿಸಿಕೊಂಡವು ಬಹು ಸ್ವಲ್ಪ; ಅವು ಹೆಚ್ಚಾಗಿ ನಮಗೆ ಸಮೀಪದ ಎಳೆಯ ನಕ್ಷತ್ರಗಳ ಮಹಾಗ್ರಹಗಳೇ. ಇದಕ್ಕೆ ಕಾರಣವೇನು? ಕಂಡ ಚುಕ್ಕೆಯು ಗ್ರಹವೇ ಹೌದೆಂದು ನಿಶ್ಚಯಿಸುವ ಬಗೆ ಹೇಗೆ? ಈ ಎರಡು ವಿಷಯಗಳನ್ನು ಇಲ್ಲಿ ವಿಚಾರಿಸುವೆವು.

ಇಂಥ ನಕ್ಷತ್ರಗಳಲ್ಲಿ ಒಂದನ್ನು ಭಟ್ಕಳದ ಸಮೀಪದ ತೆಂಗಿನಗುಂಡಿಯ ದಂಡೆಯಿಂದ ಬರಿಗಣ್ಣಿನಿಂದಲೇ ನೋಡಬಹುದು. ಜನವರಿ ತಿಂಗಳ ಕೊನೆಯ ವಾರದಲ್ಲಿ, ಬೆಳದಿಂಗಳಿಲ್ಲದ ಶುಭ್ರವಾದ ರಾತ್ರಿ ಸುಮಾರು 10 ಗಂಟೆಗೆ ದಕ್ಷಿಣಕ್ಕೆ ಮುಖಮಾಡಿ ನಿಂತರೆ, ಕ್ಷಿತಿಜದಿಂದ ಅಷ್ಟೇನೂ ಎತ್ತರವಲ್ಲದೆ ಅಗಸ್ತ್ಯ ನಕ್ಷತ್ರವು ಥಳಥಳಿಸುವದು. ಕೈಯನ್ನು ಪೂರ್ತಿ ನೀಡಿ ಹಿಡಿದಾಗ ಮೂರು ನಾಲ್ಕು ಬೆರಳುಗಳು ಎಷ್ಟು ಅಗಲ ಕಾಣುವವೋ, ಅಗಸ್ತ್ಯನಿಂದ ಬಲಕ್ಕೆ ಅಷ್ಟು ದೂರದಲ್ಲಿ ಒಂದು ಸಾಧಾರಣವಾದ ಬಿಳಿಯ ಚುಕ್ಕೆ ಇರುವದು. ಇದಕ್ಕೆ ಬೀಟಾ ಪಿಕ್ಟೋರಿಸ್ ಎಂದು ಹೆಸರು. ತೆಂಗಿನಗುಂಡಿಯು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವದರಿಂದ ಈ ನಕ್ಷತ್ರವು ಇಲ್ಲಿ 25 ಡಿಗ್ರಿಗಳಷ್ಟು ಮೇಲೇರುವದು. ಲಂಡನ್ ಪಟ್ಟಣದವರಿಗಾದರೋ ಅದು ಎಂದೂ ಉದಯಿಸುವದೇ ಇಲ್ಲ. ಅದರ ದೂರ ಸುಮಾರು 63 ಜ್ಯೋತಿರ್ವರ್ಷ. ಎಂದರೆ, ಇಂದು ನಮ್ಮ ಕಣ್ಣನ್ನು ಮುಟ್ಟುವ ಅದರ ಬೆಳಕು, ಇಂದಿನ ವಿದ್ಯಾರ್ಥಿನಿಯರ ಅಜ್ಜಿಯಂದಿರು ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಲ್ಲಿಂದ ಹೊರಟದ್ದು.

ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ. ಬೀಟಾ ಪಿಕ್ಟೋರಿಸಿನದು ಸುಮಾರು 2 ಕೋಟಿ ವರ್ಷ ಮಾತ್ರ. ಮನುಷ್ಯರ ಆಯುಷ್ಯಕ್ಕೆ ಹೋಲಿಸಿದರೆ, ಸೂರ್ಯನು ನಲವತ್ತಾರು ವಯಸ್ಸಿನ ಗೃಹಸ್ಥನಾದರೆ ಇದು ಇನ್ನೂ ಮೂರು ತಿಂಗಳು ತುಂಬದ ತೊಟ್ಟಿಲ ಕೂಸು. 1983ರಲ್ಲಿ ಐರಾಸ್ ಎಂಬ ಕೃತ್ರಿಮ ಉಪಗ್ರಹವು ಈ ನಕ್ಷತ್ರದ ಕಡೆಯಿಂದ ನಿರೀಕ್ಷೆಗಿಂತ ಹೆಚ್ಚಾದ ಶಾಖಕಿರಣಗಳು ಬರುವದನ್ನು ಗುರುತಿಸಿತು. ಮರುವರ್ಷ ಬ್ರ್ಯಾಡ್‌ಫರ್ಡ್ ಸ್ಮಿತ್ ಮತ್ತು ರಿಚರ್ಡ್ ಟೆರಿಲ್ ಎಂಬವರು ಚಿಲಿ ದೇಶದ ಪರ್ವತದಿಂದ ತೆಗೆದ ಚಿತ್ರದಲ್ಲಿ, ನಕ್ಷತ್ರದ ಇಕ್ಕೆಲಗಳಲ್ಲಿಯೂ ಚಾಚಿಕೊಂಡ ಧೂಳಿನ ತಟ್ಟೆಯು ಕಂಡುಬಂತು. ಗ್ರಹಗಳು ಹುಟ್ಟುವದು ಇಂಥ ತಟ್ಟೆಗಳಲ್ಲಿಯೇ.

ಇನ್ನು ಎಳೆಯ ನಕ್ಷತ್ರಗಳನ್ನೇ ಹುಡುಕಲು ಕಾರಣವನ್ನು ಹೇಳುವೆವು. ನಮ್ಮ ಗುರುಗ್ರಹವನ್ನು ಬಹುದೂರದಿಂದ ನೋಡುವವನಿಗೆ ಅದರ ಬೆಳಕು ಸೂರ್ಯನ ಬೆಳಕಿನ 100 ಕೋಟಿಯಲ್ಲಿ ಒಂದು ಪಾಲಿನಷ್ಟೇ ಇರುವದು; ದೀಪಸ್ತಂಭದ ಪಕ್ಕದಲ್ಲಿ ಹಾರುವ ಮಿಂಚುಹುಳವನ್ನು ಕಾಣುವದು ಇದಕ್ಕಿಂತ ಸುಲಭ. ಆದರೆ ಮಹಾಗ್ರಹವು ಹುಟ್ಟುವಾಗ, ಸುತ್ತಲಿನ ಅನಿಲವು ಅದರ ಮೇಲೆ ಬಿದ್ದು ಕುಗ್ಗುವದರಿಂದ ಬಹಳ ಶಾಖವು ಉಂಟಾಗುವದು. ಒಲೆಯಿಂದ ಈಗತಾನೇ ತೆಗೆದ ಕೆಂಡವು ಕತ್ತಲಲ್ಲಿ ಕಾಣುವದು, ಆರಿದ ಇದ್ದಲು ಕಾಣದು. ಹಾಗೆಯೇ ಎಳೆಯ ಗ್ರಹವು ತನ್ನ ಹುಟ್ಟಿನ ಕಾವಿನಿಂದಲೇ ಬೆಳಗುವದು, ಮುದಿ ಗ್ರಹವು ಆರಿ ಮಂಕಾಗುವದು. ಈ ಬೆಳಕು ಹೆಚ್ಚಾಗಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿರುವದು. ಆ ಕಿರಣಗಳಲ್ಲಿ ನೋಡಿದರೆ ಬೀಟಾ ಪಿಕ್ಟೋರಿಸಿನ ಗ್ರಹವು ತನ್ನ ನಕ್ಷತ್ರದ ಕೆಲವು ಸಾವಿರಗಳಲ್ಲಿ ಒಂದು ಪಾಲಿನಷ್ಟು ಪ್ರಕಾಶವುಳ್ಳದ್ದು. 100 ಕೋಟಿಗೂ ಕೆಲವು ಸಾವಿರಕ್ಕೂ ಇರುವ ಅಂತರವೇ ಈ ವಿದ್ಯೆಯನ್ನು ಸಾಧ್ಯಮಾಡಿತು.

ಆದರೂ ಕಾರ್ಯವು ಸುಲಭವಲ್ಲ. ಆ ಗ್ರಹಕ್ಕೂ ನಕ್ಷತ್ರಕ್ಕೂ ನಡುವೆ ನಮಗೆ ತೋರುವ ಅಂತರವು, ಒಂದಂಗುಲ ಅಗಲದ ವಸ್ತುವನ್ನು ಸುಮಾರು 13 ಕಿಲೋಮೀಟರು ಆಚೆ ಇಟ್ಟು ನೋಡಿದಷ್ಟು ಮಾತ್ರ. ಅದರ ಮೇಲೆ ಭೂಮಿಯ ವಾಯುಮಂಡಲವು ಸದಾ ಕದಲುತ್ತಿದ್ದು ನಕ್ಷತ್ರಗಳನ್ನು ಮಿನುಗಿಸುವದು. ಆದಕಾರಣ ವಿಜ್ಞಾನಿಗಳು ಮೂರು ಉಪಾಯಗಳನ್ನು ಕೂಡಿಸಿದರು. ಒಂದನೆಯದು, ವಾಯುವಿನ ಕದಲಿಕೆಯನ್ನು ಅಳೆದು, ಅದಕ್ಕೆ ಸರಿಯಾಗಿ ಕ್ಷಣಕ್ಷಣಕ್ಕೂ ತನ್ನ ಮೈಯನ್ನು ಬಗ್ಗಿಸಿಕೊಳ್ಳುವ ತೆಳ್ಳನೆಯ ಕನ್ನಡಿ. ಎರಡನೆಯದು, ಬಿಸಿಲಿಗೆ ನಾವು ಅಂಗೈಯನ್ನು ಅಡ್ಡ ಹಿಡಿಯುವಂತೆ ನಕ್ಷತ್ರದ ಬಿಂಬವನ್ನು ಮಾತ್ರ ಮರೆಮಾಡುವ ತಡೆ. ಮೂರನೆಯದು, ರಾತ್ರಿಯಿಡೀ ತೆಗೆದ ಅನೇಕ ಚಿತ್ರಗಳನ್ನು ಒಂದರಿಂದೊಂದು ಕಳೆದು, ದೂರದರ್ಶಕದ ದೋಷಗಳಿಂದ ಉಂಟಾದ ಹುಸಿ ಚುಕ್ಕೆಗಳನ್ನು ತೆಗೆದುಹಾಕುವ ಗಣಿತ.

2003ರ ನವೆಂಬರದಲ್ಲಿ ಚಿಲಿ ದೇಶದಲ್ಲಿರುವ ಯುರೋಪಿನವರ ಮಹಾ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಬೀಟಾ ಪಿಕ್ಟೋರಿಸಿನ ಒಂದು ಪಕ್ಕಕ್ಕೆ ಮಸುಕಾದ ಚುಕ್ಕೆಯಿತ್ತು. ಫ್ರಾನ್ಸ್ ದೇಶದ ಆನ್ ಮರಿ ಲಗ್ರಾಂಜ್ ಎಂಬ ವಿದುಷಿಯ ನೇತೃತ್ವದ ತಂಡವು ಆ ಚಿತ್ರಗಳನ್ನು ಪುನಃ ಸೂಕ್ಷ್ಮವಾಗಿ ಶೋಧಿಸಿ 2008ರಲ್ಲಿ ಆ ಚುಕ್ಕೆಯನ್ನು ಪ್ರಕಟಪಡಿಸಿತು. ಆದರೆ ಅದು ಬಹುದೂರದ ಹಿನ್ನೆಲೆಯ ಯಾವುದೋ ನಕ್ಷತ್ರವಾಗಿರಲಾರದೇ ಎಂಬ ಸಂಶಯವು ಉಳಿದಿತ್ತು. ಪುನಃ ನೋಡಿದರೆ ಚುಕ್ಕೆಯು ಕಾಣಲಿಲ್ಲ. ತಂಡವು ಕಾದಿತು. 2009ರ ಕೊನೆಯಲ್ಲಿ ಅದು ನಕ್ಷತ್ರದ ಇನ್ನೊಂದು ಪಕ್ಕದಲ್ಲಿ ಕಾಣಿಸಿಕೊಂಡಿತು! ಹಿನ್ನೆಲೆಯ ನಕ್ಷತ್ರವು ಹೀಗೆ ಪಕ್ಕವನ್ನು ಬದಲಿಸಲಾರದು. ಪ್ರದಕ್ಷಿಣೆ ಬರುವ ಗ್ರಹವೇ ಬದಲಿಸಬಲ್ಲದು. ಹೀಗೆ ಆರು ವರ್ಷಗಳ ಅಂತರದ ಎರಡು ಚಿತ್ರಗಳು ಸಂಶಯವನ್ನು ನೀಗಿಸಿದವು.

ಕಾದು ಪರೀಕ್ಷಿಸುವದು ಎಷ್ಟು ಅವಶ್ಯವೆಂಬದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ಫೋಮಲ್‌ಹೌಟ್ ಎಂಬ ಪ್ರಕಾಶಮಾನವಾದ ನಕ್ಷತ್ರದ ಹತ್ತಿರವೂ 2008ರಲ್ಲಿಯೇ ಒಂದು ಗ್ರಹವು ಪ್ರಕಟವಾಗಿತ್ತು. ಆದರೆ ಗ್ರಹಕ್ಕೆ ಇರಬೇಕಾದ ಕಾವು ಅದರಲ್ಲಿ ತೋರಲಿಲ್ಲ. ವರ್ಷಗಳು ಕಳೆದಂತೆ ಅದು ಹರಡಿ ಮಸುಕಾಗುತ್ತ ಹೋಯಿತು. ಎರಡು ಕಾಯಗಳು ಡಿಕ್ಕಿ ಹೊಡೆದು ಎದ್ದ ಧೂಳಿನ ಮೋಡವೇ ಅದಾಗಿರಬೇಕೆಂದು 2020ರಲ್ಲಿ ವಿಜ್ಞಾನಿಗಳು ನಿರ್ಣಯಿಸಿದರು. ಕಂಡದ್ದೆಲ್ಲ ಗ್ರಹವಲ್ಲ.

ಗ್ರಹವೆಂದು ನಿಶ್ಚಯವಾದ ಮೇಲೆ ಅದರ ಗುಣಗಳನ್ನು ತಿಳಿಯತಕ್ಕದ್ದು. ತೂಕವನ್ನು ಹೀಗೆ ತಿಳಿಯುವರು: ದೊಡ್ಡ ಹುಡುಗಿಯೊಬ್ಬಳು ಚಿಕ್ಕವಳ ಕೈ ಹಿಡಿದು ಫುಗಡಿ ಆಡುವಾಗ ಚಿಕ್ಕವಳು ದೊಡ್ಡ ಸುತ್ತನ್ನು ಸುತ್ತುವಳು, ಆದರೂ ದೊಡ್ಡವಳು ನಿಂತಲ್ಲೇ ನಿಲ್ಲದೆ ಕೊಂಚ ತೊನೆಯುವಳು. ನಕ್ಷತ್ರದ ಇಂಥ ತೊನೆತವನ್ನು ಹಿಪ್ಪಾರ್ಕಸ್ ಮತ್ತು ಗಾಯಾ ಎಂಬ ಎರಡು ಉಪಗ್ರಹಗಳ ಅಳತೆಗಳಿಂದ ತಿಳಿದು, ಈ ಗ್ರಹವು ಗುರುವಿನ ಸುಮಾರು 11 ಪಾಲು ತೂಕವುಳ್ಳದ್ದೆಂದು 2018ರಲ್ಲಿ ಲೆಕ್ಕಹಾಕಿದರು. ತೊನೆತದಿಂದಲೇ ಅದೇ ನಕ್ಷತ್ರದ ಎರಡನೆಯ ಗ್ರಹವೂ 2019ರಲ್ಲಿ ಗೊತ್ತಾಗಿ, 2020ರಲ್ಲಿ ಪ್ರತ್ಯಕ್ಷವಾಗಿ ಕಂಡಿತು. ಗ್ರಹದ ಬೆಳಕನ್ನು ವರ್ಣಪಟಲವಾಗಿ ಬಿಡಿಸಿದರೆ ಅದರ ಕಾವೂ ಅನಿಲಗಳೂ ತಿಳಿಯುವವು. ಮೊದಲನೆಯ ಗ್ರಹದ ಕಾವು ಸುಮಾರು 1400 ಡಿಗ್ರಿ ಸೆಂಟಿಗ್ರೇಡ್. ಅದು ತನ್ನಷ್ಟಕ್ಕೆ ಸೆಕೆಂಡಿಗೆ ಸುಮಾರು 25 ಕಿಲೋಮೀಟರ್ ವೇಗದಿಂದ ತಿರುಗುವದೆಂದೂ, ಅಲ್ಲಿನ ಒಂದು ದಿನವು ನಮ್ಮ ಸುಮಾರು 8 ತಾಸುಗಳಷ್ಟೆಂದೂ 2014ರಲ್ಲಿ ಅಳೆದರು. 51 ಎರಿಡಾನಿ ಎಂಬ ಎಳೆಯ ನಕ್ಷತ್ರದ ಗ್ರಹದಲ್ಲಿ 2015ರಲ್ಲಿ ಮೀಥೇನ್ ಅನಿಲವು ಸಿಕ್ಕಿತು.

ಈ ಜ್ಞಾನಕ್ಕೆ ನಮ್ಮ ನಾಡಿನ ಕಾಣಿಕೆಯೂ ಉಂಟು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಸುಜನ್ ಸೇನ್‌ಗುಪ್ತ ಅವರು ಅಮೇರಿಕದ ಮಾರ್ಕ್ ಮಾರ್ಲಿಯವರೊಡನೆ ಕೂಡಿ 2011ರಲ್ಲಿ ಒಂದು ಗಣನೆಯನ್ನು ಪ್ರಕಟಿಸಿದರು. ಎಳೆಯ ಗ್ರಹದೊಳಗಿನ ಬೆಳಕು ಮೋಡದ ಕಣಗಳಿಗೆ ತಗಲಿ ಹೊರಬರುವಾಗ ಅದರ ಕಂಪನವು ಒಂದು ದಿಕ್ಕಿಗೆ ಹೊಂದಿಕೊಳ್ಳುವದು, ಇದಕ್ಕೆ ಧ್ರುವೀಕರಣವೆನ್ನುವರು. ಗ್ರಹವು ಸರಿಯಾದ ಗುಂಡಾಗಿದ್ದು ಮೋಡವು ಎಲ್ಲೆಡೆಯೂ ಸಮನಾಗಿದ್ದರೆ ಈ ದಿಕ್ಕುಗಳು ಒಂದನ್ನೊಂದು ಅಳಿಸಿಬಿಡುವವು. ವೇಗವಾಗಿ ತಿರುಗಿ ಚಪ್ಪಟೆಯಾಗಿದ್ದರೆ, ಅಥವಾ ಮೋಡಗಳು ತೇಪೆತೇಪೆಯಾಗಿದ್ದರೆ, ಸ್ವಲ್ಪ ಉಳಿಯುವದು. ಹೀಗೆ, ಚುಕ್ಕೆಯಾಗಿ ಮಾತ್ರ ತೋರುವ ಗ್ರಹದ ಆಕಾರವನ್ನೂ ಮೋಡವನ್ನೂ ತಿಳಿಯುವ ದಾರಿಯು ತೋರಿತು. ಇದೇ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ನಡಿಸುವರು.

ಪಾಲಕರೇ, ನಿಮ್ಮ ಹುಡುಗಿಯು ಗಣಿತದ ಮುಂದೆ ತಡವಾಗಿ ಕುಳಿತರೆ, ಇದರಿಂದ ಇವಳಿಗೆ ಏನು ಫಲವೆಂದು ಕೇಳಬೇಡಿರಿ. ಮೇಲೆ ಹೇಳಿದ ತಂಡವನ್ನು ನಡಿಸಿದವರು ಒಬ್ಬ ಸ್ತ್ರೀಯೇ. ಅವರ ಕೈಯಲ್ಲಿದ್ದ ಬಂಡವಾಳವು ಒಳ್ಳೆಯ ಯಂತ್ರದಷ್ಟೇ ತಾಳ್ಮೆಯೂ ಆಗಿತ್ತು. ಮತ್ತು ಹಳೆಯ ವಿದ್ಯಾರ್ಥಿನಿಯರೇ, ಇಷ್ಟನ್ನು ನಿಮ್ಮ ಮಕ್ಕಳಿಗೆ ಕಲಿಸಿರಿ: ಮೊದಲ ನೋಟಕ್ಕೆ ಕಂಡದ್ದನ್ನು ಸತ್ಯವೆಂದು ಸಾರಲೂ ಬಾರದು, ಸುಳ್ಳೆಂದು ಬಿಸಾಡಲೂ ಬಾರದು, ಅದನ್ನು ಬರೆದಿಟ್ಟು, ತಕ್ಕ ಕಾಲದವರೆಗೆ ಕಾದು, ಪುನಃ ನೋಡತಕ್ಕದ್ದು. ನಕ್ಷತ್ರಗಳ ವಿಷಯದಲ್ಲಿ ಹೇಗೋ, ನೆರೆಹೊರೆಯ ಮಾತಿನ ವಿಷಯದಲ್ಲಿಯೂ ಹಾಗೆಯೇ ಇದು ಸಲ್ಲುವದು.